ಹುಟ್ಟಿದ ಊರು, ಹೆಸರಿನ ಊರು, ಇರುವ ಊರು

ಕುವೆಂಪು ಅವರ ಊರು ಯಾವುದೆಂದು ಕೇಳಿದರೆ ಶಾಲೆಯ ಮಕ್ಕಳೂ ಕುಪ್ಪಳಿ ಎನ್ನುತ್ತಾರೆ. ಮೈಸೂರಿನವರಾದ ನಾವು ಸ್ವಲ್ಪ ಹಕ್ಕಿನಿಂದಲೇ ಒಂಟಿಕೊಪ್ಪಲಿನಲ್ಲಿರುವ ಅವರ ಮನೆ ‘ಉದಯರವಿ’ಯನ್ನೂ ಅದಕ್ಕೆ ಸೇರಿಸುತ್ತೇವೆ. ಆದರೆ 1904ರ ಡಿಸೆಂಬರ್ 29ರಂದು ಅವರು ಹುಟ್ಟಿದ್ದು ಈ ಎರಡೂ ಕಡೆ ಅಲ್ಲ, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಅದು ಅವರ ತಾಯಿಯ ತವರು. ಬಿ.ಎಂ.ಶ್ರೀ. ಅವರ ಹೆಸರಿನ ಮೊದಲ ಅಕ್ಷರದಲ್ಲಿ ಮಂಡ್ಯ ಜಿಲ್ಲೆ ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಇದೆ. ಅವರು 1884ರಲ್ಲಿ ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ, ಅದೂ ತಾಯಿಯ ಕಡೆಯ ಊರು. ಯಾದವಗಿರಿಯಲ್ಲಿ ಮನೆ ಕಟ್ಟಿಸಿಕೊಂಡು ಮೈಸೂರಿನವರೇ ಆಗಿಹೋದ ಆರ್.ಕೆ. ನಾರಾಯಣ್ ಹುಟ್ಟಿದ್ದು 1906ರಲ್ಲಿ ಮದರಾಸಿನ ಅಜ್ಜಿಯ ಮನೆಯಲ್ಲಿ, ತಾಯಿಯ ತಾಯಿ ಅವರು; ಹೆಸರಿನ ಮೊದಲ ಅಕ್ಷರ ಮಾತ್ರ ಸೇಲಂ ಕಡೆಯ ರಾಸಿಪುರದ್ದು. ಮೂವರು ಲೇಖಕರ ಪೈಕಿ ಒಬ್ಬರೂ ತಮ್ಮ ಹೆಸರಿನ ಊರಿನಲ್ಲಿ ಹುಟ್ಟಲಿಲ್ಲ.

ಇದರಲ್ಲಿ ಆಶ್ಚರ್ಯವೇನೂ ಇಲ್ಲವೆಂದು ನಮ್ಮ ಕಡೆಯ ಯಾವ ಅಜ್ಜಿಯಾದರೂ ಹೇಳುತ್ತಾರೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ಹಳೆಯ ಮೈಸೂರು ಸೀಮೆಯಲ್ಲಿ ಯಾರೂ ಬರೆದಿಡದ, ಆದರೆ ಯಾರೂ ಮೀರದ ಕಟ್ಟಳೆ. ಏಳನೆಯ ಅಥವಾ ಒಂಬತ್ತನೆಯ ತಿಂಗಳಲ್ಲಿ, ಬೆಸ ತಿಂಗಳೇ ಆಗಬೇಕೆಂದು ಲೆಕ್ಕ ಹಾಕಿ, ಮಡಿಲು ತುಂಬಿಸಿ ಮಗಳನ್ನು ಕರೆತರುತ್ತಾರೆ. ಹೆರಿಗೆಯಾಗಿ, ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ, ಬಿಸಿನೀರುಗಳ ಬಾಣಂತನ ನಡೆದು, ಮೂರನೆಯ ಇಲ್ಲವೇ ಐದನೆಯ ತಿಂಗಳಲ್ಲಿ ತೊಟ್ಟಿಲು, ಹಾಸಿಗೆ, ಬೆಳ್ಳಿಯ ಉಡಿದಾರಗಳ ಸಮೇತ ತಾಯಿ-ಮಗುವನ್ನು ಗಂಡನ ಮನೆಗೆ ಕಳುಹಿಸಿಕೊಡುತ್ತಾರೆ. ಅಲ್ಲಿಗೆ ಆ ಮಗುವಿಗೂ ಅದು ಹುಟ್ಟಿದ ಊರಿಗೂ ಇರುವ ವಾಸದ ಸಂಬಂಧ ಮುಗಿಯುತ್ತದೆ. ಮುಂದೆ ಬೇಸಿಗೆ ರಜೆಗೆ ಬರುವಾಗ ಅದು ಅಜ್ಜಿಯ ಊರೇ ಹೊರತು ತನ್ನ ಊರಲ್ಲ.

ನನ್ನ ದಾಖಲೆಗಳಲ್ಲಿ ಹುಟ್ಟಿದ ಸ್ಥಳವೆಂದು ನಮೂದಾಗಿರುವುದು ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿ, ಕಾರಣ ನಾನು ಮನೆಗೆ ಹಿರಿಯ ಮಗ. ಎರಡನೆಯವನಾದ ನನ್ನ ತಮ್ಮನಿಗೆ ತವರಿನ ಆ ಉಪಚಾರ ದಕ್ಕದೆ, ಅವನು ಮಂಡ್ಯದ ಆಸ್ಪತ್ರೆಯಲ್ಲಿ ಹುಟ್ಟಿದ. ತಂಗಿ ಹುಟ್ಟುವ ಹೊತ್ತಿಗೆ ಅಪ್ಪನಿಗೆ ಮೈಸೂರಿಗೆ ವರ್ಗವಾಗಿತ್ತು. ಒಂದೇ ಒಲೆಯ ಅನ್ನ ಉಂಡು ಬೆಳೆದ ಮೂವರಿಗೆ ಮೂರು ಹುಟ್ಟೂರು. ಆದರೆ ನಮ್ಮಲ್ಲಿ ಯಾರನ್ನು ತಡೆದು ‘ಯಾವೂರಾಯ್ತು ತಮ್ದು?’ ಎಂದು ಕೇಳಿದರೂ ಬರುವ ಉತ್ತರ ಈ ಮೂರರಲ್ಲಿ ಯಾವುದೂ ಅಲ್ಲ, ಪಾಂಡವಪುರ ತಾಲ್ಲೂಕಿನಲ್ಲಿರುವ ಅಪ್ಪನ ಊರು. ಅಲ್ಲಿ ನಾವು ಮೂವರೂ ವಾಸ ಮಾಡಿದವರಲ್ಲ. ಜಮೀನಿನ ಪಹಣಿ ಅಲ್ಲಿದೆ, ಮನೆದೇವರು ಅಲ್ಲಿದೆ, ಮಾರಮ್ಮನ ಹಬ್ಬಕ್ಕೆ ವಂತಿಗೆ ಅಲ್ಲಿಗೆ ಹೋಗುತ್ತದೆ. ಊರು ಎನ್ನಿಸಿಕೊಳ್ಳಲು ನಮ್ಮ ಕಡೆ ಅಷ್ಟು ಸಾಕು.

ಹುಟ್ಟಿದ ಸ್ಥಳವನ್ನೂ ಈಗಿರುವ ಸ್ಥಳವನ್ನೂ ಎದುರುಬದುರು ಇಟ್ಟು ಒಬ್ಬ ಮನುಷ್ಯನ ಬದುಕಿನ ದೂರವನ್ನು ಅಳೆಯುವ ಅಭ್ಯಾಸ ಸರ್ಕಾರಕ್ಕೂ ಇದೆ, ಮದುವೆ ಮನೆಯಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತವರಿಗೂ ಇದೆ. ಆ ಅಳತೆಯ ಒಂದು ತುದಿಯಲ್ಲಿ ನಿಂತಿರುವವಳು ಮಗುವಲ್ಲ, ತಾಯಿ ಎಂಬುದು ನನ್ನ ವಾದ. ನಾಗಮಂಗಲದ ಆ ಹಳ್ಳಿ ನನ್ನ ಬದುಕಿನ ಬಗ್ಗೆ ಹೇಳುವುದು ತೀರ ಕಡಿಮೆ. ನನ್ನ ಅಮ್ಮ ಎಲ್ಲಿ ಬೆಳೆದಳು, ಎಷ್ಟು ದೂರಕ್ಕೆ ಮದುವೆಯಾಗಿ ಬಂದಳು, ಮೊದಲ ಹೆರಿಗೆಗೆ ಯಾರ ಕೈ ನಂಬಿದಳು ಎಂಬುದನ್ನು ಮಾತ್ರ ಅದು ಸ್ಪಷ್ಟವಾಗಿ ಹೇಳುತ್ತದೆ. ಕುವೆಂಪು ಅವರ ವಿಷಯದಲ್ಲಿಯೂ ಅಷ್ಟೆ. ಹಿರೇಕೊಡಿಗೆ ಎಂಬ ಹೆಸರು ಅವರ ಜೀವನಚರಿತ್ರೆಯ ಮೊದಲ ಸಾಲಿನಲ್ಲಿ ಬಂದು ಎರಡನೆಯ ಸಾಲಿನಿಂದಾಚೆಗೆ ಮರೆಯಾಗುವುದಕ್ಕೆ ಇದೇ ಕಾರಣವಿರಬೇಕು.

ಜನಗಣತಿ ನಡೆಸುವವರಿಗೆ ಈ ತೊಡಕು ಬಹಳ ಹಿಂದೆಯೇ ಅರ್ಥವಾಗಿತ್ತು. ಹುಟ್ಟಿದ ಸ್ಥಳದ ಪ್ರಶ್ನೆ ಭಾರತದ ಗಣತಿಯಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೂ ಇದೆ. ಹುಟ್ಟಿದ್ದೊಂದು ಹಳ್ಳಿ, ಎಣಿಸಿದ್ದು ಇನ್ನೊಂದು ಹಳ್ಳಿ ಎಂದಾದರೆ ಆ ವ್ಯಕ್ತಿ ವಲಸೆಗಾರನೆಂದು ಲೆಕ್ಕ. ಈ ಲೆಕ್ಕದಲ್ಲಿ ತವರಿನಲ್ಲಿ ಹುಟ್ಟಿ ಮೂರು ತಿಂಗಳಿಗೆ ಅಪ್ಪನ ಮನೆಗೆ ಬಂದ ಪ್ರತಿಯೊಂದು ಹಸುಗೂಸೂ ವಲಸೆಗಾರನೇ. 1971ರ ಗಣತಿಯಲ್ಲಿ ‘ಕೊನೆಯ ವಾಸಸ್ಥಳ ಯಾವುದು’ ಎಂಬ ಪ್ರಶ್ನೆಯನ್ನೂ, 1981ರಲ್ಲಿ ‘ಬಂದದ್ದೇಕೆ’ ಎಂಬ ಪ್ರಶ್ನೆಯನ್ನೂ ಸೇರಿಸಿದರು. 2001ರಲ್ಲಿ ಕಾರಣಗಳ ಪಟ್ಟಿಗೆ ಹೊಸದೊಂದು ಸಾಲು ಬಂತು: ಹುಟ್ಟಿದ ನಂತರ ಬಂದದ್ದು. ಉದ್ಯೋಗ, ವ್ಯಾಪಾರ, ವಿದ್ಯಾಭ್ಯಾಸ, ಮದುವೆ ಎಂಬ ದೊಡ್ಡ ದೊಡ್ಡ ಕಾರಣಗಳ ನಡುವೆ ಕೂತಿರುವ ಈ ಸಾಲು ಬಾಣಂತನ ಮುಗಿಸಿ ಹೊರಟ ತೊಟ್ಟಿಲುಗಳಿಗಾಗಿಯೇ ಇರುವುದೆಂದು ನನಗೆ ಅನ್ನಿಸುತ್ತದೆ, ಮತ್ತು ಸರ್ಕಾರಿ ನಮೂನೆಯೊಂದರಲ್ಲಿ ನನಗೆ ನಿಜವಾಗಿಯೂ ಪ್ರೀತಿ ಹುಟ್ಟಿಸಿದ ಸಾಲು ಅದೊಂದೇ.

2011ರ ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 45 ಕೋಟಿ ಜನ ಹೀಗೆ ಊರು ಬದಲಿಸಿದವರು. ವಲಸೆ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಬೆಂಗಳೂರಿನ ರೈಲು ಹತ್ತುವ ಹುಡುಗ. ಅಂಕಿ ತೋರಿಸುವುದು ಬೇರೆಯವರನ್ನು. ಊರು ಬದಲಿಸಿದವರಲ್ಲಿ ಹೆಂಗಸರೇ ಹೆಚ್ಚು, ಅವರಲ್ಲಿ ಸುಮಾರು ಮೂರನೆಯ ಎರಡು ಭಾಗದಷ್ಟು ಮಂದಿ ಕೊಟ್ಟ ಕಾರಣ ಮದುವೆ. ಮದ್ದೂರಿನ ಕಡೆಯಿಂದ ಮಳವಳ್ಳಿಯ ಕಡೆಗೆ, ಕೆ.ಆರ್. ಪೇಟೆಯಿಂದ ಪಾಂಡವಪುರಕ್ಕೆ, ಒಂದು ಬಸ್ಸಿನ ಪ್ರಯಾಣದಷ್ಟು ದೂರ ಹೋದ ಈ ಹೆಣ್ಣುಮಕ್ಕಳನ್ನು ವಲಸೆ ಹೋದವರೆಂದು ಯಾರೂ ಕರೆಯುವುದಿಲ್ಲ, ಅವರೂ ಹಾಗೆ ಹೇಳಿಕೊಳ್ಳುವುದಿಲ್ಲ. ಆದರೆ ಹುಟ್ಟಿ ಬೆಳೆದ ಊರನ್ನು ಬಿಟ್ಟು ಪೂರ್ತಿ ಬೇರೆ ಊರಿನಲ್ಲಿ ಬದುಕು ಕಟ್ಟಿಕೊಳ್ಳುವ ಕೆಲಸವನ್ನು ಈ ಸೀಮೆಯಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಮಾಡಿದವರು ಅವರೇ. ಗಂಡಸರು ಬೆಂಗಳೂರಿಗೆ ಹೋದರೂ ಊರಿನವರಾಗಿಯೇ ಉಳಿಯುತ್ತಾರೆ, ಹೆಂಗಸರು ಪಕ್ಕದ ಹೋಬಳಿಗೆ ಹೋದರೂ ತವರಿನಲ್ಲಿ ನೆಂಟರಾಗುತ್ತಾರೆ.

ಹಾಗೆ ಬಂದವಳ ಹುಟ್ಟೂರು ಮಾತ್ರ ಹೊಸ ಊರಿನಲ್ಲಿ ಅಳಿಯುವುದಿಲ್ಲ, ಅದೇ ಅವಳ ಹೆಸರಾಗುತ್ತದೆ. ನಮ್ಮ ಬೀದಿಯಲ್ಲಿ ಸೊಸೆಯಂದಿರನ್ನು ಅವರವರ ತವರಿನಿಂದ ಗುರುತಿಸುತ್ತಿದ್ದರು: ಕಿಕ್ಕೇರಿಯವಳು, ಬೆಳ್ಳೂರಿನವಳು, ಮೇಲುಕೋಟೆ ಅಮ್ಮ. ನನ್ನ ಅಜ್ಜಿಯ ಸ್ವಂತ ಹೆಸರು ನನಗೆ ಗೊತ್ತಾದದ್ದು ಪಡಿತರ ಚೀಟಿಯನ್ನು ಓದಲು ಕಲಿತ ಮೇಲೆ. ಅಲ್ಲಿಯವರೆಗೆ ಅವಳು ಊರಿಗೆಲ್ಲ ತನ್ನ ತವರೂರಿನ ಹೆಸರಿನವಳೇ. ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರೆ ಸುತ್ತಲಿನ ತಾಲ್ಲೂಕುಗಳ ಅರ್ಧ ನಕ್ಷೆ ಕಿವಿಗೆ ಬೀಳುತ್ತಿತ್ತು. ಅವಳು ಹೆತ್ತ ಮಕ್ಕಳಿಗೆ ಆ ಊರು ಹುಟ್ಟಿದ ಸ್ಥಳವಾಗಿ ಕಾಗದದ ಮೇಲೆ ಉಳಿಯಿತು, ಅವಳಿಗೆ ಬಾಯಿಮಾತಿನಲ್ಲಿ ಉಳಿಯಿತು.

ಗಂಡಸರ ಹೆಸರಿನ ಮುಂದಿನ ಅಕ್ಷರದ ಕಥೆ ಇದಕ್ಕೆ ತಿರುಗುಮುರುಗು. ಅದು ಅಪ್ಪನ ಊರನ್ನು, ಕೆಲವೊಮ್ಮೆ ಅಪ್ಪನೂ ಕಾಣದ ಊರನ್ನು ಹೊತ್ತು ತಿರುಗುತ್ತದೆ. ಕೃಷ್ಣರಾಜಸಾಗರದ ಹೆಸರಿನೊಡನೆ ಸದಾ ನೆನೆಯುವ ವಿಶ್ವೇಶ್ವರಯ್ಯನವರ ‘ಎಂ.’ ಇಂದಿನ ಆಂಧ್ರದಲ್ಲಿರುವ ಮೋಕ್ಷಗುಂಡಂ. ಪೂರ್ವಿಕರು ತಲೆಮಾರುಗಳ ಹಿಂದೆಯೇ ಬಿಟ್ಟುಬಂದ ಊರು ಅದು, ಅವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ಡಿ.ವಿ.ಜಿ. ಅವರ ‘ಡಿ.’ ದೇವನಹಳ್ಳಿ, ಹುಟ್ಟಿದ್ದು ಮುಳಬಾಗಿಲು. 1918ರಿಂದ ಮೂರು ವರ್ಷ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಪಾಠ ಹೇಳಿದ ರಾಧಾಕೃಷ್ಣನ್ ಅವರ ‘ಎಸ್.’ ನೆಲ್ಲೂರು ಕಡೆಯ ಸರ್ವೇಪಲ್ಲಿ, ಹುಟ್ಟಿದ್ದು ತಿರುತ್ತಣಿ. ಹುಟ್ಟಿದ ಊರೇ ಹೆಸರಿನ ಊರೂ ಆದವರಿಲ್ಲವೆಂದಲ್ಲ: ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ, ಮದ್ದೂರು ತಾಲ್ಲೂಕು ಸೋಮನಹಳ್ಳಿಯ ಎಸ್.ಎಂ. ಕೃಷ್ಣ, ಕೆ.ಆರ್. ಪೇಟೆ ತಾಲ್ಲೂಕು ಬೂಕನಕೆರೆಯ ಬಿ.ಎಸ್. ಯಡಿಯೂರಪ್ಪ, ಮೂವರೂ ಮಂಡ್ಯ ಜಿಲ್ಲೆಯವರು. ಮೂವರ ಬದುಕೂ ಬಹುಪಾಲು ನಡೆದದ್ದು ಜಿಲ್ಲೆಯ ಹೊರಗೆ ಎಂಬುದು ಬೇರೆ ಮಾತು. ಯಡಿಯೂರಪ್ಪನವರನ್ನು ಶಿಕಾರಿಪುರದವರೆಂದು ಭಾವಿಸುವ ಎಷ್ಟೋ ಜನರಿಗೆ ಆ ‘ಬಿ’ ಯಾವುದೆಂದು ಹೇಳಿದಾಗ ಆಶ್ಚರ್ಯವಾಗುವುದನ್ನು ನಾನು ನೋಡಿದ್ದೇನೆ.

ಇಲ್ಲಿಯವರೆಗೆ ಊರು ಇದ್ದಲ್ಲೇ ಇದ್ದು ಮನುಷ್ಯರು ಓಡಾಡಿದರು. ನಮ್ಮ ಜಿಲ್ಲೆಗಳಲ್ಲಿ ಮನುಷ್ಯರು ಕದಲದೆ ಊರೇ ಕದಲಿದ್ದೂ ಉಂಟು. ಮಂಡ್ಯ ಜಿಲ್ಲೆ ರಚನೆಯಾದದ್ದು 1939ರಲ್ಲಿ, ಮೈಸೂರು ಜಿಲ್ಲೆಯನ್ನು ಒಡೆದು. ಅದಕ್ಕೆ ಮೊದಲು ಮಂಡ್ಯದಲ್ಲಿ ಹುಟ್ಟಿ ಅಲ್ಲೇ ಮಣ್ಣಾದವರು ಹುಟ್ಟಿದ್ದು ಒಂದು ಜಿಲ್ಲೆಯಲ್ಲಿ, ಸತ್ತದ್ದು ಇನ್ನೊಂದರಲ್ಲಿ. 1973ಕ್ಕೆ ಮೊದಲು ಹುಟ್ಟಿದವರಿಗೆ ರಾಜ್ಯದ ಹೆಸರೇ ಬೇರೆ. ಕಾಗದದ ಈ ಬದಲಾವಣೆಗಳಿಂದ ಯಾರಿಗೂ ಹೆಚ್ಚಿನ ನಷ್ಟವಾಗಲಿಲ್ಲ.

ನಿಜವಾದ ನಷ್ಟ ಕಂಡದ್ದು ಕನ್ನಂಬಾಡಿ. 1911ರಲ್ಲಿ ಅಣೆಕಟ್ಟೆಯ ಕೆಲಸ ಶುರುವಾಗಿ ಕಾವೇರಿಯ ನೀರು ಹಿಂದಕ್ಕೆ ಹರಡುತ್ತ ಬಂದಂತೆ ಹಳೆಯ ಕನ್ನಂಬಾಡಿಯೂ ಸುತ್ತಲಿನ ಹಳ್ಳಿಗಳೂ ಮುಳುಗಿದವು, ಜನ ಎತ್ತರದ ನೆಲಕ್ಕೆ ಬಂದು ಹೊಸ ಕನ್ನಂಬಾಡಿ ಮಾಡಿಕೊಂಡರು. ಅಲ್ಲಿ ಹುಟ್ಟಿದವರಿಗೆ ಹುಟ್ಟಿದ ಊರು ಎಂಬುದು ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷ ಮಾತ್ರ ಹೋಗಿ ನಿಲ್ಲಬಹುದಾದ ಸ್ಥಳವಾಯಿತು. ನೀರಿನಲ್ಲಿದ್ದ ವೇಣುಗೋಪಾಲಸ್ವಾಮಿಯ ದೇವಸ್ಥಾನವನ್ನು ಮುಂದೆ ಎಷ್ಟೋ ದಶಕಗಳ ಮೇಲೆ ಕಲ್ಲು ಕಲ್ಲಾಗಿ ಬಿಚ್ಚಿ ದಡಕ್ಕೆ ತಂದು ಮರುಕಟ್ಟಿದರು, ಈಗ ರಜೆಯ ದಿನ ಅಲ್ಲಿ ವಾಹನ ನಿಲ್ಲಿಸಲು ಜಾಗ ಸಿಗುವುದಿಲ್ಲ. ಆ ನೀರಿನ ಇನ್ನೊಂದು ಮುಖ ವಿಶ್ವೇಶ್ವರಯ್ಯ ನಾಲೆ. ರಾಗಿ, ಹುರುಳಿ ಬೆಳೆಯುತ್ತಿದ್ದ ಮಳೆಯಾಶ್ರಿತ ನೆಲಕ್ಕೆ ನೀರು ಹರಿದು ಭತ್ತ, ಕಬ್ಬು ಬಂದವು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು. ಮಂಡ್ಯ ಎಂಬುದು ಜನ ಬಿಟ್ಟುಹೋಗುವ ಊರಿನ ಬದಲು ಬಂದು ನೆಲೆಸುವ ಊರಾಯಿತು. ಒಂದೇ ಕಟ್ಟೆ ಕೆಲವರ ಹುಟ್ಟೂರನ್ನು ಇಲ್ಲವಾಗಿಸಿ ಇನ್ನು ಕೆಲವರ ಮಕ್ಕಳಿಗೆ ಹುಟ್ಟೂರನ್ನು ಒದಗಿಸಿತು. ಮಂಡ್ಯದವರು ನಾಲೆಯ ಬಗ್ಗೆ ಆಡುವಷ್ಟು ಮಾತನ್ನು ಮುಳುಗಿದ ಹಳ್ಳಿಗಳ ಬಗ್ಗೆ ಆಡುವುದಿಲ್ಲ. ನಾಲೆಯ ನೀರಿನಲ್ಲಿ ಬೆಳೆದ ಕಬ್ಬಿನ ದುಡ್ಡಿನಲ್ಲೇ ಓದಿದ ನನಗೂ ಈ ಮಾತು ಅನ್ವಯಿಸುತ್ತದೆ.

ಹುಟ್ಟಿದ ಸ್ಥಳ ಎಲ್ಲಕ್ಕಿಂತ ವಿಚಿತ್ರವಾಗಿ ವರ್ತಿಸುವುದನ್ನು ನೋಡಬೇಕಾದರೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಹೋಗಬೇಕು. ದಲೈ ಲಾಮಾ 1959ರಲ್ಲಿ ಭಾರತಕ್ಕೆ ಬಂದ ಮೇಲೆ, ಅಂದಿನ ಮೈಸೂರು ರಾಜ್ಯ ಸರ್ಕಾರ ಕೊಟ್ಟ ಸುಮಾರು 3,000 ಎಕರೆ ಕಾಡುನೆಲದಲ್ಲಿ ಟಿಬೆಟನ್ನರ ಮೊದಲ ವಸತಿ ನೆಲೆಗೊಂಡಿತು. ಮೊದಲು ಬಂದವರು ಗುಡಾರಗಳಲ್ಲಿದ್ದು, ಕಾಡು ಕಡಿದು, ಆನೆಗಳ ಹಾವಳಿ ಸಹಿಸಿ ಜೋಳ ಬೆಳೆದರು. ಅವರ ಹುಟ್ಟೂರು ಹಿಮಾಲಯದಾಚೆ ಇತ್ತು, ಅಲ್ಲಿಗೆ ಹಿಂದಿರುಗುವಂತಿರಲಿಲ್ಲ. ಅವರ ಮಕ್ಕಳು, ಮೊಮ್ಮಕ್ಕಳು ಹುಟ್ಟಿದ್ದು ಮೈಸೂರು ಜಿಲ್ಲೆಯಲ್ಲಿ; ಕುಶಾಲನಗರದ ಅಂಗಡಿಗಳಲ್ಲಿ ಅವರು ಚೌಕಾಶಿ ಮಾಡುವ ಕನ್ನಡ ನಮ್ಮ ಲೇಔಟಿನ ಎಷ್ಟೋ ಮಕ್ಕಳ ಕನ್ನಡಕ್ಕಿಂತ ಚುರುಕಾಗಿದೆ. ಆದರೂ ಅವರಲ್ಲಿ ಬಹಳಷ್ಟು ಜನರ ಕೈಯಲ್ಲಿರುವುದು ವಿದೇಶೀಯರ ನೋಂದಣಿ ಪತ್ರ, ಅದನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು.

ಕಾನೂನು ಇಲ್ಲಿ ಹುಟ್ಟಿದ ಸ್ಥಳದ ಜೊತೆಗೆ ಹುಟ್ಟಿದ ದಿನವನ್ನೂ ಕೇಳುತ್ತದೆ. ಪೌರತ್ವ ಕಾಯಿದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಆ ಮೇಲೆ ಹುಟ್ಟಿದವರಿಗೆ ತಂದೆ ಅಥವಾ ತಾಯಿ ಭಾರತೀಯರಾಗಿರಬೇಕು. ಮೊದಲನೆಯ ಗುಂಪಿನವರೂ ತಮ್ಮ ಹಕ್ಕನ್ನು ಪಡೆಯಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು, 2010ರಲ್ಲಿ ದೆಹಲಿ ಹೈಕೋರ್ಟ್ ಅಂಥ ಒಬ್ಬ ಟಿಬೆಟನ್ ಯುವತಿಯ ಪರವಾಗಿ ತೀರ್ಪು ಕೊಟ್ಟಿತು. ಬೈಲಕುಪ್ಪೆಯ ಒಂದು ಮನೆಯಲ್ಲಿ, ಟಿಬೆಟಿನಲ್ಲಿ ಹುಟ್ಟಿ ಬಂದ ತಂದೆ-ತಾಯಿಗೆ, 1986ರಲ್ಲಿ ಹುಟ್ಟಿದ ಅಣ್ಣ ಮತ್ತು 1988ರಲ್ಲಿ ಹುಟ್ಟಿದ ತಂಗಿ ಇದ್ದಾರೆಂದು ಭಾವಿಸಿ: ಒಂದೇ ಊರು, ಒಂದೇ ತಾಯಿ, ಆದರೂ ಅಣ್ಣ ಭಾರತೀಯನೆಂದು ಹೇಳಿಕೊಳ್ಳಬಹುದು, ತಂಗಿ ಹೇಳಿಕೊಳ್ಳಲಾರಳು. ನನ್ನಂಥವನಿಗೆ ಹುಟ್ಟಿದ ಊರು ಒಂದು ಔಪಚಾರಿಕ ವಿವರ, ತಪ್ಪಾಗಿದ್ದರೂ ನಡೆದೀತು. ಅದರ ಮೇಲೆ ಇಡೀ ಬದುಕು ನಿಂತಿರುವವರು ನಮ್ಮದೇ ಜಿಲ್ಲೆಯಲ್ಲಿದ್ದಾರೆ ಎಂಬುದನ್ನು ಮರೆತು ನಾನು ನಮೂನೆಯ ‘ಹುಟ್ಟಿದ ಸ್ಥಳ’ ಎಂಬ ಅಂಕಣವನ್ನು ಹಗುರವಾಗಿ ಕಾಣಲಾರೆ.

ಈಗ ನಮೂನೆಯ ಆ ಅಂಕಣದ ಸ್ವರೂಪವೇ ಬದಲಾಗುತ್ತಿದೆ. ಸೂಲಗಿತ್ತಿಯರ ಕಾಲದಲ್ಲಿ ಹುಟ್ಟಿದ ಸ್ಥಳವೆಂದರೆ ಒಂದು ಹಳ್ಳಿಯ ಒಂದು ಮನೆಯ ಒಂದು ಕೋಣೆ, ಮಾಸು ಹೂತ ಹಿತ್ತಲು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ ಸುಮಾರು 65 ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019-21ರ ಹೊತ್ತಿಗೆ ಅದು 97ಕ್ಕೆ ಏರಿತ್ತು. ಜನನಿ ಸುರಕ್ಷಾ ಯೋಜನೆ, ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯರು, 108 ಆಂಬ್ಯುಲೆನ್ಸ್ ಎಲ್ಲವೂ ಸೇರಿ ಮಾಡಿದ ಕೆಲಸ ಇದು, ಇದರಿಂದ ಉಳಿದ ತಾಯಂದಿರನ್ನು ನೆನೆದರೆ ಹಳೆಯ ಕೋಣೆಯ ಬಗ್ಗೆ ಹಂಬಲಿಸುವುದು ಅಪರಾಧವೆನಿಸುತ್ತದೆ. ಆದರೆ 1969ರ ಜನನ ಮರಣ ನೋಂದಣಿ ಕಾಯಿದೆಯಂತೆ ಜನನ ಎಲ್ಲಿ ಆಯಿತೋ ಅಲ್ಲಿಯೇ ನೋಂದಣಿ. ಹಾಗಾಗಿ ತಿ. ನರಸೀಪುರದ, ಎಚ್.ಡಿ. ಕೋಟೆಯ, ಶ್ರೀರಂಗಪಟ್ಟಣದ ಹಳ್ಳಿಗಳ ಲೆಕ್ಕವಿಲ್ಲದಷ್ಟು ಮಕ್ಕಳು ಚೆಲುವಾಂಬ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟು ಮೈಸೂರಿನಲ್ಲಿ ಹುಟ್ಟಿದವರಾಗುತ್ತಾರೆ. ಹಳ್ಳಿಯ ನೋಂದಣಿ ಪುಸ್ತಕದಲ್ಲಿ ಮರಣದ ಪುಟಗಳು ತುಂಬುತ್ತಲೇ ಇರುತ್ತವೆ, ಏಕೆಂದರೆ ವಯಸ್ಸಾದವರು ಈಗಲೂ ಮನೆಯಲ್ಲೇ ಸಾಯುತ್ತಾರೆ. ಜನನದ ಪುಟಗಳು ಮಾತ್ರ ಖಾಲಿ. ಮಕ್ಕಳು ಆಡುವ ಸದ್ದು ಬೀದಿಯಲ್ಲಿ ಕೇಳುತ್ತಿದ್ದರೂ ಪುಸ್ತಕದ ಪ್ರಕಾರ ಅದು ಯಾರೂ ಹುಟ್ಟದ ಊರು.

ತವರಿನ ಪದ್ಧತಿ ಇದರಿಂದ ನಿಂತಿಲ್ಲ, ಹಾದಿ ಬದಲಿಸಿಕೊಂಡಿದೆಯಷ್ಟೆ. ಈಗಲೂ ಮಗಳು ಒಂಬತ್ತನೆಯ ತಿಂಗಳಲ್ಲಿ ತವರಿಗೆ ಬರುತ್ತಾಳೆ, ನೋವು ಬಂದಾಗ ತವರಿನವರು ಅವಳನ್ನು ಮೈಸೂರಿಗೋ ಮಂಡ್ಯಕ್ಕೋ ಕರೆದೊಯ್ಯುತ್ತಾರೆ, ಬಾಣಂತನ ಮತ್ತೆ ತವರಿನಲ್ಲಿ. ಹಿಂದೆ ತಾಯಿಯ ಊರು ಕಾಗದದಲ್ಲಿ ಉಳಿಯುತ್ತಿತ್ತು. ಈಗ ತಾಯಿಯ ಊರೂ ಇಲ್ಲ, ತಂದೆಯದೂ ಇಲ್ಲ, ಹತ್ತಿರದ ದೊಡ್ಡ ಆಸ್ಪತ್ರೆಯ ಊರಿದೆ. ಕಾಯಿದೆಯ ತಿದ್ದುಪಡಿಯಿಂದಾಗಿ 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರವೇ ಶಾಲೆಗೆ, ಮತದಾರರ ಪಟ್ಟಿಗೆ, ಪಾಸ್‌ಪೋರ್ಟಿಗೆ ಆಧಾರವಾಗುವುದರಿಂದ, ಅಪ್ಪ ಬಾಯಲ್ಲಿ ಹೇಳಿದ ಊರನ್ನು ಮೇಷ್ಟ್ರು ಶಾಲೆಯ ದಾಖಲೆಗೆ ಬರೆದುಕೊಳ್ಳುತ್ತಿದ್ದ ಕಾಲವೂ ಮುಗಿಯಿತು. ಇನ್ನು 50 ವರ್ಷಕ್ಕೆ ಈ ಎರಡು ಜಿಲ್ಲೆಗಳ ಜನರ ಹುಟ್ಟಿದ ಸ್ಥಳಗಳನ್ನು ಯಾರಾದರೂ ನಕ್ಷೆಯ ಮೇಲೆ ಗುರುತಿಸಿದರೆ ಹತ್ತಿಪ್ಪತ್ತು ದಟ್ಟ ಚುಕ್ಕಿಗಳು ಕಂಡಾವು, ಸಾವಿರಾರು ಹಳ್ಳಿಗಳು ಕಾಣಲಾರವು.

2021ರಲ್ಲಿ ನಡೆಯಬೇಕಿದ್ದ ಜನಗಣತಿಗೆ ಈಗ 2027ರ ಮಾರ್ಚ್ 1 ನಿಗದಿಯಾಗಿದೆ, ಅದರ ಪಟ್ಟಿಗಳಲ್ಲಿ ಹುಟ್ಟಿದ ಸ್ಥಳದ ಅಂಕಿಗಳನ್ನು ಓದುವವರು ಇದನ್ನು ನೆನಪಿನಲ್ಲಿಡಬೇಕಾಗುತ್ತದೆ. ಮೊನ್ನೆ ಸಂಬಂಧಿಕರ ಮಗುವೊಂದರ ಜನನ ವರದಿಯ ನಮೂನೆಯನ್ನು ತುಂಬಿಕೊಡುವಾಗ ಅದರ ಎರಡನೆಯ ಭಾಗವನ್ನು, ಅಂಕಿಅಂಶಕ್ಕೆಂದು ಬೇರೆಯಾಗಿ ಇಟ್ಟಿರುವ ಭಾಗವನ್ನು, ಮೊದಲ ಬಾರಿಗೆ ಗಮನಿಸಿ ಓದಿದೆ. ತಾಯಿ ವಾಡಿಕೆಯಾಗಿ ವಾಸಿಸುವ ಊರು ಯಾವುದೆಂದು ಅಲ್ಲಿ ಕೇಳಿದ್ದಾರೆ, ಅದು ಹೆರಿಗೆಯಾದ ಊರಿಗಿಂತ ಬೇರೆಯಾಗಿರಬಹುದೆಂದು ವಿವರಣೆಯನ್ನೂ ಕೊಟ್ಟಿದ್ದಾರೆ. ನಮೂನೆಯನ್ನು ಸಿದ್ಧಪಡಿಸಿದವರಿಗೆ ಬಾಣಂತನದ ವ್ಯವಹಾರ ಚೆನ್ನಾಗಿ ಗೊತ್ತಿರಬೇಕು. ಆ ಭಾಗ ಪ್ರಮಾಣಪತ್ರಕ್ಕೆ ಬರುವುದಿಲ್ಲ, ಲೆಕ್ಕಕ್ಕಾಗಿ ಇಲಾಖೆಗೆ ಹೋಗುತ್ತದೆ. ಮಗುವಿನ ತಾಯಿ ಅಂಕಣವನ್ನು ನೋಡಿ, ‘ನನ್ನ ಊರು ಅಂದ್ರೆ ಯಾವ್ದು ಬರೀಲಿ, ಅಮ್ಮನ ಮನೆದಾ, ಅತ್ತೆ ಮನೆದಾ, ಇಲ್ಲ ನಾವು ಬಾಡಿಗೆಗೆ ಇರೋ ಹೆಬ್ಬಾಳದ್ದಾ?’ ಎಂದು ಕೇಳಿದಳು. ಬಾಡಿಗೆ ಮನೆಯದನ್ನೇ ಬರೆಯಬೇಕೆಂದು ಹೇಳಿದೆ. ಅವಳ ಅತ್ತೆಗೆ ಅದು ಒಪ್ಪಿಗೆಯಾಗಲಿಲ್ಲ, ಮಗುವಿನ ಹೆಸರಿನ ಮುಂದಿನ ಅಕ್ಷರವಾದರೂ ತಮ್ಮೂರಿನದಾಗಿರಬೇಕೆಂಬ ಮಾತು ಆಗಲೇ ಶುರುವಾಯಿತು.